ಸೈಲೋಸೈಬಿನ್ ಅಣಬೆ: ನಿಯಂತ್ರಣದ ಅಳತೆಯ ಕುರಿತು ಒಂದು ಟಿಪ್ಪಣಿ

1. ಕಾಯ್ದೆಯ ಪಠ್ಯ

ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ಪದಾರ್ಥಗಳ ಕಾಯ್ದೆ (ಎನ್‌ಡಿಪಿಎಸ್) 14 ನವೆಂಬರ್ 1985ರಂದು ಜಾರಿಗೆ ಬಂತು. ಅದರ ಅನುಸೂಚಿಯಲ್ಲಿ ಸೈಲೋಸೈಬಿನ್ ಮತ್ತು ಸೈಲೋಸಿನ್ ಎರಡೂ ಇವೆ. ಅವನ್ನು ಹೊತ್ತ ಅಣಬೆಯ ಹೆಸರಿಲ್ಲ. ಮನೋಪರಿಣಾಮಕಾರಿ ಪದಾರ್ಥದ ವ್ಯಾಖ್ಯೆ 'ನೈಸರ್ಗಿಕ ವಸ್ತು'ವನ್ನೂ ಒಳಗೊಳ್ಳುತ್ತದೆ, ಆದರೆ ಅದು ಅನುಸೂಚಿಯಲ್ಲಿ ಸೇರಿದ್ದರೆ ಮಾತ್ರ. ಗಾಂಜಾ, ಕೋಕಾ, ಗಸಗಸೆ ಗಿಡಗಳಿಗೆ ಕಾಯ್ದೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟು, ಅವುಗಳ ಬೇಸಾಯವನ್ನು ಸೆಕ್ಷನ್ 8ರಲ್ಲಿ ಹೆಸರಿಸಿ ನಿಷೇಧಿಸಿದೆ. ಶಿಲೀಂಧ್ರಕ್ಕೆ ಅಂಥ ಏರ್ಪಾಡಿಲ್ಲ.

ಈ ಮೌನ ಬಹುಶಃ 1971ರ ವಿಶ್ವಸಂಸ್ಥೆಯ ಒಪ್ಪಂದದಿಂದ ಬಂದದ್ದು. ಭಾರತ 1975ರಲ್ಲಿ ಸೇರಿದ ಆ ಒಪ್ಪಂದವೂ ಅಣುಗಳನ್ನಷ್ಟೇ ಪಟ್ಟಿ ಮಾಡಿತ್ತು. ಸೈಲೋಸೈಬಿನ್ ಇರುವ ಯಾವ ನೈಸರ್ಗಿಕ ವಸ್ತುವೂ ಆ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿಲ್ಲವೆಂದು ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿ 2001ರಲ್ಲಿ ನೆದರ್ಲೆಂಡ್ಸ್‌ಗೆ ತಿಳಿಸಿತ್ತು. ಪ್ರಭೇದಗಳನ್ನು ಹೆಸರಿಸಿ ಪಟ್ಟಿಗೆ ಸೇರಿಸುವುದೂ ಸುಲಭದ ದಾರಿಯಲ್ಲ. ಕರ್ನಾಟಕದ ಗಡಿಗೆ ಅಂಟಿದ ವಯನಾಡಿನ ಹೆಸರು ಹೊತ್ತ ಅಣಬೆ ಸೈಲೋಸೈಬೆ ವಯನಾಡೆನ್ಸಿಸ್ ವಿವರಣೆಗೊಂಡದ್ದೇ 2002ರಲ್ಲಿ, ಕಾಯ್ದೆ ಬಂದು ಹದಿನೇಳು ವರ್ಷಗಳಾದ ಮೇಲೆ.

2. ನ್ಯಾಯಾಲಯಗಳ ಓದು

2020ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್‌ನ ತ್ರಿಸದಸ್ಯ ಪೀಠ ಹೀರಾ ಸಿಂಗ್ ಪ್ರಕರಣದಲ್ಲಿ, ಮಿಶ್ರಣದೊಳಗಿನ ತಟಸ್ಥ ವಸ್ತುವಿನ ತೂಕವನ್ನೂ ವಶವಾದ ಪ್ರಮಾಣದ ಲೆಕ್ಕಕ್ಕೆ ಹಿಡಿಯಬೇಕೆಂದಿತು. ಅಣಬೆಗೆ ಇದು ಅನ್ವಯಿಸುವುದೇ ಎಂಬುದು ಆನಂತರದ ಪ್ರಶ್ನೆ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್, 226 ಗ್ರಾಂ ಅಣಬೆ ಮತ್ತು 50 ಗ್ರಾಂ ಅಣಬೆ ಕ್ಯಾಪ್ಸೂಲ್ ವಶವಾಗಿದ್ದ ಪ್ರಕರಣದಲ್ಲಿ ಜಾಮೀನು ನೀಡಿತು. ಅಣಬೆ ಮಿಶ್ರಣವಲ್ಲ, ಅನುಸೂಚಿತ ಪದಾರ್ಥವೂ ಅಲ್ಲ ಎಂಬುದು ಅದರ ನಿಲುವು. ಕರ್ನಾಟಕ ಮತ್ತು ಮದ್ರಾಸ್ ಹೈಕೋರ್ಟ್‌ಗಳ ಹಿಂದಿನ ಆದೇಶಗಳನ್ನು ಅದು ಒಪ್ಪಿ ಅನುಸರಿಸಿತು.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಜಾಮೀನು ಹಂತದ ಅಭಿಪ್ರಾಯವನ್ನು ಅಂತಿಮ ತೀರ್ಪಿನ ತೂಕದಲ್ಲಿ ಓದಲಾಗದು. ಇನ್ನೊಂದು ಕ್ಯಾಪ್ಸೂಲಿನದು: 'ತಯಾರಿಕೆ'ಯ ವ್ಯಾಖ್ಯೆಯಲ್ಲಿ ಡೋಸ್ ರೂಪದ ಪದಾರ್ಥವೂ ಸೇರುತ್ತದೆ. ಹಾಗಾಗಿ ಇಡಿಯ ಅಣಬೆಗೆ ಹೊಂದುವ ತರ್ಕ ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ ಅಣಬೆಗೂ ಅಷ್ಟೇ ಹೊಂದುತ್ತದೆಯೇ ಎಂಬುದು ಪ್ರತ್ಯೇಕ ಪರಿಶೀಲನೆಗೆ ಅರ್ಹ.

3. ಅಂಕಿಗಳು

19 ಅಕ್ಟೋಬರ್ 2001ರ ಅಧಿಸೂಚನೆಯ ಪ್ರಕಾರ ಸೈಲೋಸೈಬಿನ್‌ಗೆ ಅಲ್ಪ ಪ್ರಮಾಣ 2 ಗ್ರಾಂ, ವಾಣಿಜ್ಯ ಪ್ರಮಾಣ 50 ಗ್ರಾಂ. ಒಣ ಅಣಬೆಯಲ್ಲಿ ಸೈಲೋಸೈಬಿನ್ ಸುಮಾರು ಶೇ. 1 ಎಂದು (ಪ್ರಭೇದ, ಬೆಳೆ, ಸಂಗ್ರಹಣೆಗೆ ತಕ್ಕಂತೆ ಇದು ಗಣನೀಯವಾಗಿ ಬದಲಾಗುತ್ತದೆ), ಹಸಿ ಅಣಬೆಯಲ್ಲಿ ನೀರು ಶೇ. 90 ಎಂದು ಹಿಡಿಯೋಣ.

ಇಡಿಯ ತೂಕದ ಓದಿನಲ್ಲಿ 50 ಗ್ರಾಂ ಒಣ ಅಣಬೆ, ಅಂದರೆ ಸುಮಾರು 0.5 ಗ್ರಾಂ ಸೈಲೋಸೈಬಿನ್, ಕನಿಷ್ಠ ಹತ್ತು ವರ್ಷಗಳ ಶಿಕ್ಷೆಯ ಹಂತ ಮುಟ್ಟುತ್ತದೆ. ಸೆಕ್ಷನ್ 37ರ ಕಠಿಣ ಜಾಮೀನು ಷರತ್ತೂ ಜೊತೆಗೆ ಬರುತ್ತದೆ. ಸಕ್ರಿಯಾಂಶದ ಓದಿನಲ್ಲಿ, ಅಂದರೆ ಸೈಲೋಸೈಬಿನ್‌ನ ತೂಕವನ್ನಷ್ಟೇ ಎಣಿಸಿದರೆ, ಅದೇ ಹಂತಕ್ಕೆ 5 ಕಿಲೋ ಒಣ ಅಥವಾ 50 ಕಿಲೋ ಹಸಿ ಅಣಬೆ ಬೇಕು. ಒಣ ಅಣಬೆಗೇ ನೂರು ಪಟ್ಟು ಅಂತರ. ಆದರೆ ಸಕ್ರಿಯಾಂಶದ ಓದೂ ನಿರ್ದೋಷವಲ್ಲ: ಖಿನ್ನತೆಯ ಕ್ಲಿನಿಕಲ್ ಪ್ರಯೋಗಗಳಲ್ಲಿ ಬಳಸುವ ಒಂದು ಡೋಸ್ 25 ಮಿಲಿಗ್ರಾಂ ಆಗಿರುವಾಗ, 'ಅಲ್ಪ ಪ್ರಮಾಣ'ದ 2 ಗ್ರಾಂ ಎಂದರೆ ಎಂಬತ್ತು ಡೋಸ್. ಮೂರನೆಯ ಓದು, ಅಣಬೆ ಅನುಸೂಚಿಯ ಹೊರಗೇ ಎಂಬುದು, ಅಳತೆಯನ್ನೇ ಇಲ್ಲವಾಗಿಸುತ್ತದೆ. ಬಿಗಿ ನಿಯಂತ್ರಣ ಬಯಸುವವರಿಗೂ ಸಡಿಲಿಕೆ ಬಯಸುವವರಿಗೂ ಈ ಮೂರರಲ್ಲಿ ಒಂದೂ ಒಗ್ಗುವಂತೆ ತೋರುವುದಿಲ್ಲ.

ಪ್ರಯೋಗಾಲಯದ ವಿಧಾನವೂ ಇಲ್ಲಿ ಸಂಗತ. ಗ್ಯಾಸ್ ಕ್ರೊಮಟೋಗ್ರಫಿಯ ಶಾಖದಲ್ಲಿ ಸೈಲೋಸೈಬಿನ್ ಫಾಸ್ಫೇಟ್ ಕಳೆದುಕೊಂಡು ಸೈಲೋಸಿನ್ ಆಗುತ್ತದೆ. ಅಣುತೂಕ 284ರಿಂದ 204ಕ್ಕೆ ಇಳಿಯುತ್ತದೆ. ವರದಿಯಲ್ಲಿ ಸೈಲೋಸಿನ್ ಎಂದಿದ್ದ ಮಾತ್ರಕ್ಕೆ ಅಣಬೆಯಲ್ಲಿ ಇದ್ದದ್ದೂ ಅದೇ ಎನ್ನಲಾಗದು. ಈ ಶಾಖದ ತೊಡಕಿಲ್ಲದ ದ್ರವ ಕ್ರೊಮಟೋಗ್ರಫಿಯನ್ನು ಹೆಸರಿಸಿ ಕಡ್ಡಾಯಗೊಳಿಸದ ನಿಯಮ ಮಿಲಿಗ್ರಾಂ ಮಿತಿ ಹೇಳುವುದು ವ್ಯರ್ಥ.

4. ಅಧಿಕಾರ ಯಾರದು

ಸೆಕ್ಷನ್ 8 ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ಈಗಾಗಲೇ ಎಡೆಯಿಟ್ಟಿದೆ. ಆದ್ದರಿಂದ ಹೊಸ ಕಾಯ್ದೆಗಿಂತ ನಿಯಮಗಳ ತಿದ್ದುಪಡಿ ಸಾಕಾದೀತು. ಆ ಅಧಿಕಾರ ಸೆಕ್ಷನ್ 9ರಡಿ ಕೇಂದ್ರದ್ದು. ರಾಜ್ಯಗಳ ಅಧಿಕಾರ ಹೇಳುವ ಸೆಕ್ಷನ್ 10ರಲ್ಲಿ ಗಾಂಜಾ ಇದೆ, ಮನೋಪರಿಣಾಮಕಾರಿ ಪದಾರ್ಥಗಳಿಲ್ಲ. ಕರ್ನಾಟಕ ತಾನಾಗಿ ಪರವಾನಗಿ ವ್ಯವಸ್ಥೆ ತರುವ ಸಾಧ್ಯತೆ, ಈ ಪಠ್ಯದಂತೆ, ಕಾಣುವುದಿಲ್ಲ.

5. ಸ್ಥಳ

ಇಂಥ ನಿಯಮಗಳಿಗೆ ಹೊರದೇಶಗಳ ಮಾದರಿಗಳು ಎರಡು ಬಗೆ. ಆಸ್ಟ್ರೇಲಿಯಾ 1 ಜುಲೈ 2023ರಿಂದ, ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ, ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಸೈಲೋಸೈಬಿನ್ ಬರೆಯಲು ಬಿಟ್ಟಿದೆ. ಅಮೆರಿಕದ ಒರೆಗಾನ್ 2020ರ ಜನಮತದ ಮೂಲಕ, ರೋಗನಿರ್ಣಯದ ಹಂಗಿಲ್ಲದೆ, 21 ದಾಟಿದವರಿಗೆ ಪರವಾನಗಿ ಪಡೆದ ಕೇಂದ್ರದಲ್ಲಿ, ಮೇಲ್ವಿಚಾರಕರ ಎದುರು, ಒಂದು ಸಲಕ್ಕೆ ಗರಿಷ್ಠ 50 ಮಿಲಿಗ್ರಾಂ ಅನುಮತಿಸಿದೆ. ಮನೆಗೆ ಒಯ್ಯುವಂತಿಲ್ಲ. ಎರಡರ ಪೈಕಿ ಸೆಕ್ಷನ್ 8ರ ಭಾಷೆಗೆ ಹತ್ತಿರವಿರುವುದು ಮೊದಲನೆಯದು. ಎರಡನೆಯದರಿಂದ ಎರವಲು ಪಡೆಯಬಹುದಾದದ್ದು ಅಣಬೆಯ ತೂಕದ ಬದಲು ಸಕ್ರಿಯಾಂಶದ ಮಿಲಿಗ್ರಾಂ ಹೇಳುವ ಕ್ರಮ.

ಒರೆಗಾನ್‌ನ ಸ್ಥಳನಿಯಮ ಮಾತ್ರ ಇಲ್ಲಿಗೆ ಹಾಗೆಯೇ ಬರಲಾರದು. ಅಲ್ಲಿ ಕೇಂದ್ರವು ಶಾಲೆಯಿಂದ 1,000 ಅಡಿ, ಅಂದರೆ 305 ಮೀಟರ್ ದೂರವಿರಬೇಕು. ಮಕ್ಕಳು ದಾಟಲಾಗದ ಭೌತಿಕ ತಡೆಯಿದ್ದರೆ 500 ಅಡಿ ಸಾಕು. ಬೆಂಗಳೂರಿನ ಓಕಳಿಪುರಂ, ಶ್ರೀರಾಮಪುರದಂಥ ಒತ್ತೊತ್ತಾದ ಬಡಾವಣೆಗಳಲ್ಲಿ ಶಾಲೆಯಿಲ್ಲದ ಅಷ್ಟು ಅಗಲದ ವೃತ್ತ ಸಿಗುವುದು ಅನುಮಾನ. ಓಕಳಿಪುರಂ ಬದಿಯ ರೈಲು ಹಳಿಗಳು 'ತಡೆ' ಎನಿಸಿಕೊಳ್ಳಬಹುದೇ? ಹಳಿಯ ಕೆಳಗೆ ಅಂಡರ್‌ಪಾಸ್ ಇರುವ ಕಡೆ ಹಾಗೆ ವಾದಿಸುವುದು ಕಷ್ಟ. ನಿಮ್ಹಾನ್ಸ್‌ನಂಥ ಬೋಧನಾ ಆಸ್ಪತ್ರೆಗಳ ಆವರಣಕ್ಕೆ ಅನುಮತಿಯನ್ನು ಸೀಮಿತಗೊಳಿಸಿದರೆ ದೂರದ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ. ಆದರೆ ಬೆಂಗಳೂರಿನ ಆಚೆಯ ಜಿಲ್ಲೆಗಳ ರೋಗಿಗೆ ಪ್ರಯಾಣದ ಪ್ರಶ್ನೆ ಏಳುತ್ತದೆ.