ಕಪ್ಪು-ಬಿಳುಪಿನಲ್ಲಿ ಕಳೆದುಹೋದ ಸೇವಂತಿಗೆ

ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಮಾರುವ ಅಜ್ಜಿಯ ಫೋಟೋ ತೆಗೆದು, ಕಪ್ಪು-ಬಿಳುಪು ಮಾಡಿ, ಪ್ರಿಂಟ್ ಹಾಕಿಸಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ ಅಜ್ಜಿ ಕೇಳಿದ್ದು ಒಂದೇ: "ಸೇವಂತಿಗೆ ಬಣ್ಣ ಎಲ್ಲಪ್ಪಾ?" ಮೂಲ ಫೈಲನ್ನು ಆಗಲೇ ಅಳಿಸಿಬಿಟ್ಟಿದ್ದೆ!

ಅವತ್ತು ನೆನಪಾದವರು ರಘುಬೀರ್ ಸಿಂಗ್ (1942-1999). ಜೈಪುರದವರು. 1966ರಲ್ಲಿ ತಮ್ಮೂರಿಗೆ ಬಂದಿದ್ದ ಕಾರ್ತಿಯೆ-ಬ್ರೆಸೋನ್ ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರು. ಅವರನ್ನು ಮೆಚ್ಚಿದರು, ಅವರ ಕಪ್ಪು-ಬಿಳುಪು ಮಾತ್ರ ಬೇಡವೆಂದರು. ಬಣ್ಣವೇನಿದ್ದರೂ ಜಾಹೀರಾತಿಗೆ ಎಂದು ಬಲ್ಲವರು ಮೂಗು ಮುರಿಯುತ್ತಿದ್ದ ಕಾಲ ಅದು. ನ್ಯೂಯಾರ್ಕಿನ ಮೋಮಾದಲ್ಲಿ ವಿಲಿಯಂ ಎಗಲ್‌ಸ್ಟನ್‌ರ ಬಣ್ಣದ ಚಿತ್ರಗಳ ಪ್ರದರ್ಶನ ನಡೆದದ್ದು 1976ರಲ್ಲಿ. ಅದಕ್ಕೂ ಸಿಕ್ಕಿದ್ದು ಬೈಗುಳವೇ. ಸಿಂಗ್‌ರ ಗಂಗೆಯ ಪುಸ್ತಕ ಅದಕ್ಕೆ ಎರಡು ವರ್ಷ ಮೊದಲೇ, ಬಣ್ಣದಲ್ಲೇ, ಬಂದಿತ್ತು. ಭಾರತೀಯರು ನೋಡುವುದೇ ಬಣ್ಣದಲ್ಲಿ ಎಂಬುದು 1998ರ 'ರಿವರ್ ಆಫ್ ಕಲರ್'ನಲ್ಲಿ ಅವರ ವಾದ.

ಪೂರ್ತಿ ಒಪ್ಪಲಾರೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಕಪ್ಪು-ಬಿಳುಪಿನಲ್ಲಿ ತೆಗೆದ ಮಕ್ಕಳ ಮುಖಗಳಲ್ಲಿ ನನಗೆಂದೂ ಬಣ್ಣ ಕಡಿಮೆಯಾಯಿತು ಅನ್ನಿಸಿಲ್ಲ. ಆದರೆ ಹೂವಿನ ಅಂಗಡಿಯ ಮಾತೇ ಬೇರೆ ನೋಡಿ...

ಮತ್ತೆ ಹೋದಾಗ ಅಜ್ಜಿ ಕನಕಾಂಬರ ಕಟ್ಟುತ್ತಿದ್ದರು. ಈ ಸಲ ಬಣ್ಣದಲ್ಲೇ ತೆಗೆದೆ.