ಪ್ರಜಾಪ್ರತಿನಿಧಿಯ ಪ್ರಶ್ನೆಯೂ ಮಂತ್ರಿಯ ಉತ್ತರವೂ

ಮಹಾಭಾರತದ ಸಭಾಪರ್ವದಲ್ಲಿ ಒಂದು ಪ್ರಸಂಗವುಂಟು. ಮಯನಿರ್ಮಿತವಾದ ಸಭೆಯಲ್ಲಿ ಆಸೀನನಾಗಿದ್ದ ಧರ್ಮರಾಜನ ಬಳಿಗೆ ನಾರದಮಹರ್ಷಿಯು ಬಂದು, ಅರ್ಘ್ಯಪಾದ್ಯಾದಿ ಸತ್ಕಾರಗಳನ್ನು ಸ್ವೀಕರಿಸಿದ ತರುವಾಯ, ರಾಜನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳತೊಡಗುವನು. ಸೈನಿಕರಿಗೆ ವೇತನವು ಸಕಾಲದಲ್ಲಿ ಸಲ್ಲುತ್ತಿರುವುದೆ? ಒಕ್ಕಲಿಗರಿಗೆ ಬಿತ್ತನೆಯ ಬೀಜಕ್ಕೂ ಊಟಕ್ಕೂ ಕೊರತೆಯಿಲ್ಲವಷ್ಟೆ? ರಾಜ್ಯದಲ್ಲಿ ಕೆರೆಗಳು ದೊಡ್ಡವಾಗಿ, ತುಂಬಿದವಾಗಿ, ಒಂದೊಂದು ಭಾಗದಲ್ಲಿಯೂ ಹಂಚಿಕೊಂಡಿರುವುವೆ? ಬೇಸಾಯವು ಮಳೆಯೊಂದನ್ನೇ ನೆಚ್ಚಿಕೊಂಡಿಲ್ಲವಷ್ಟೆ? ನಮ್ಮ ಕುಮಾರವ್ಯಾಸನೂ ತನ್ನ ಭಾರತದಲ್ಲಿ ನಾರದನ ಈ ಪ್ರಶ್ನಾವಳಿಗೆ ಸ್ಥಳವನ್ನು ಕೊಟ್ಟಿರುವನು. ಇಲ್ಲಿ ಗಮನಿಸಬೇಕಾದುದು ಎರಡು ಅಂಶಗಳು. ಮಹರ್ಷಿಯು ಪ್ರಶ್ನಿಸುವುದು ಸ್ವರ್ಗಾಪವರ್ಗಗಳನ್ನು ಕುರಿತಲ್ಲ, ಬೀಜ, ನೀರು, ಸಂಬಳಗಳನ್ನು ಕುರಿತು. ಅಷ್ಟೇ ಅಲ್ಲದೆ, ಕೆರೆಗಳು ಎಷ್ಟಿರುವುವೆಂದು ಕೇಳಿ ಅವನು ತೃಪ್ತನಾಗುವುದಿಲ್ಲ. ಅವು ರಾಜ್ಯದ ಯಾವ ಯಾವ ಭಾಗದಲ್ಲಿ ಇರುವುವೆಂಬುದೇ ಅವನ ಜಿಜ್ಞಾಸೆ.

ಆದರೆ ಆ ಕಾಲದ ಪ್ರಶ್ನೆಗೂ ಇಂದಿನ ಶಾಸನಸಭೆಗಳ ಪ್ರಶ್ನೆಗೂ ಮಹತ್ತಾದ ಅಂತರವಿರುವುದು. ಅಲ್ಲಿ ಕೇಳಿದವನು ತ್ರಿಲೋಕಸಂಚಾರಿಯಾದ ಋಷಿ. ಅವನಿಗೆ ಕೇಳುವ ಯೋಗ್ಯತೆಯು ತಪಸ್ಸಿನಿಂದ ಬಂದಿತು. ಕೆರೆಯ ನೀರನ್ನೇ ನಂಬಿ ಬದುಕುವ ಒಕ್ಕಲಿಗನು ಸಭೆಯೊಳಗೆ ನಿಂತು ಅದೇ ಪ್ರಶ್ನೆಯನ್ನು ಕೇಳಬಹುದೆ, ಕೇಳಿದರೆ ಉತ್ತರಿಸುವ ಹೊಣೆಯು ರಾಜ್ಯಾಧಿಕಾರಿಗೆ ಉಂಟೆ, ಎಂಬುದು ಬೇರೆಯ ವಿಷಯ. ಈ ಅಧಿಕಾರವು ಪ್ರಜೆಗಳಿಗೆ ಒಂದೇ ದಿನದಲ್ಲಿ ಲಭಿಸಿದುದಲ್ಲ.

ಪಾರ್ಲಿಮೆಂಟಿಗೆ ತೌರುಮನೆಯೆನಿಸಿದ ಇಂಗ್ಲೆಂಡಿನಲ್ಲಿ ಮಂತ್ರಿಯನ್ನು ಕುರಿತ ಮೊದಲನೆಯ ಪ್ರಶ್ನೆಯೆಂದು ಚರಿತ್ರಕಾರರು ಗಣಿಸುವುದು 1721ನೆಯ ಇಸವಿಯ ಫೆಬ್ರವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೌಪರನು ಕೇಳಿದುದನ್ನು. ದಕ್ಷಿಣಸಮುದ್ರ ಕಂಪೆನಿಯ ಷೇರುಗಳ ಬೆಲೆಯು ಕುಸಿದು ಅಸಂಖ್ಯಾತ ಗೃಹಸ್ಥರ ಹಣವು ನಷ್ಟವಾಗಿದ್ದ ಸಮಯವದು. ಓಡಿಹೋಗಿದ್ದ ಆ ಕಂಪೆನಿಯ ಖಜಾಂಚಿಯು ಸೆರೆಸಿಕ್ಕಿರುವನೆಂಬ ವಾರ್ತೆಯು ನಿಜವೆ, ಎಂದು ಅವನು ಕೇಳಿದನು. ಮಂತ್ರಿಯು ಎದ್ದುನಿಂತು ಉತ್ತರ ಕೊಟ್ಟನು. ಪ್ರಶ್ನೆಗಳನ್ನು ಮುಂಚಿತವಾಗಿ ಅಚ್ಚುಮಾಡಿ ಸಭೆಯ ಮುಂದಿಡುವ ಪದ್ಧತಿಯು ಕಾಮನ್ಸ್ ಸಭೆಯಲ್ಲಿ 1835ರಲ್ಲಿ ಪ್ರಾರಂಭವಾಯಿತು. ಅಂದರೆ, ಮೊದಲ ಪ್ರಶ್ನೆಗೂ ಪ್ರಶ್ನೆಯ ಪದ್ಧತಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳು ಕಳೆದುವು.

ಬ್ರಿಟಿಷ್ ಇಂಡಿಯಾದಲ್ಲಿ ಈ ಅಧಿಕಾರವು ಹನಿಹನಿಯಾಗಿ ದೊರೆಯಿತು. 1861ರ ಕೌನ್ಸಿಲುಗಳ ಶಾಸನವು ಸಭೆಯ ಕಾರ್ಯವನ್ನು ಕಾನೂನು ಮಾಡುವುದಕ್ಕೆ ಮಾತ್ರ ಮಿತಗೊಳಿಸಿ, ಆಡಳಿತವನ್ನು ಕುರಿತು ಕೇಳುವ ಬಾಯನ್ನು ಕಟ್ಟಿತು. 1892ರ ಶಾಸನದಿಂದ ಸದಸ್ಯರಿಗೆ ಪ್ರಶ್ನೆ ಕೇಳುವ ಸ್ವಾತಂತ್ರ್ಯವು ಬಂದಿತಾದರೂ, ಬಂದ ಉತ್ತರದ ಮೇಲೆ ಮತ್ತೆ ಮಾತೆತ್ತುವ ಹಾಗಿರಲಿಲ್ಲ. ಉಪಪ್ರಶ್ನೆಯ ಹಕ್ಕು 1909ರಲ್ಲಿ ಮೂಲಪ್ರಶ್ನೆಯನ್ನು ಕೇಳಿದವನಿಗೆ ಮಾತ್ರ ದೊರಕಿತು. 1919ರ ಸುಧಾರಣೆಯ ಮೇಲೆ ಸಭೆಯ ಯಾವ ಸದಸ್ಯನಾದರೂ ಉಪಪ್ರಶ್ನೆಯನ್ನು ಕೇಳಬಹುದೆಂದಾಯಿತು. ವ್ಯವಹಾರವನ್ನು ಬಲ್ಲವರಿಗೆ ಈ ಭೇದದ ತಾತ್ಪರ್ಯವು ಸ್ಪಷ್ಟ. ಮೊದಲನೆಯ ಉತ್ತರವನ್ನು ಕಛೇರಿಯ ಗುಮಾಸ್ತನು ಬರೆದುಕೊಡಬಲ್ಲನು. ಎರಡನೆಯ ಪ್ರಶ್ನೆಗೆ ಮಂತ್ರಿಯು ತಾನೇ ತಿಳಿದು ಉತ್ತರಿಸಬೇಕಾಗುವುದು.

ಈ ಹಿನ್ನೆಲೆಯಲ್ಲಿ ಮೈಸೂರು ಸಂಸ್ಥಾನದ ಚರಿತ್ರೆಯನ್ನು ನೋಡತಕ್ಕದ್ದು. 1876ರಿಂದ 1878ರ ವರೆಗಿನ ಘೋರಕ್ಷಾಮವು ಈ ನಾಡನ್ನು ಹಾಳುಗೆಡಹಿತ್ತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅದೇ 1881ರ ಮಾರ್ಚ್ 25ರಂದು ರಾಜ್ಯವು ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ಮರಳಿತು. ದಿವಾನ್ ರಂಗಾಚಾರ್ಲುರವರು ಕೈಗೆ ತೆಗೆದುಕೊಂಡದ್ದು ಬರಿದಾದ ಕಣಜವನ್ನೂ ಸಾಲದ ಹೊರೆಯನ್ನೂ. ಇಂತಹ ಸಮಯದಲ್ಲಿ ಬೇರೊಬ್ಬರಾಗಿದ್ದರೆ, ಮೊದಲು ಬೊಕ್ಕಸವು ತುಂಬಲಿ, ಪ್ರಜೆಗಳ ಅಭಿಪ್ರಾಯವನ್ನು ಆಮೇಲೆ ವಿಚಾರಿಸೋಣ ಎನ್ನುತ್ತಿದ್ದರು. ರಂಗಾಚಾರ್ಲುರವರು ಅದಕ್ಕೆ ವ್ಯತಿರಿಕ್ತವಾಗಿ ನಡೆದರು. ಅದೇ ವರ್ಷ ಆಗಸ್ಟಿನಲ್ಲಿ ಆಜ್ಞೆಯು ಹೊರಟು, ಅಕ್ಟೋಬರ್ 7ರಂದು ದಸರಾ ಸಂದರ್ಭದಲ್ಲಿ ಮೈಸೂರು ನಗರದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ಅಂದು ಬಂದಿದ್ದ ಪ್ರತಿನಿಧಿಗಳು 144 ಮಂದಿ.

ಆ ಪ್ರತಿನಿಧಿಗಳು ಯಾರು? ತಾಲ್ಲೂಕಿಗೆ ಒಬ್ಬರೋ ಇಬ್ಬರೋ ತಿಳಿವಳಿಕೆಯುಳ್ಳ ಬೇಸಾಯಗಾರರು; ಜಿಲ್ಲೆಗೆ ಮೂವರೋ ನಾಲ್ವರೋ ವರ್ತಕರು. ಸಭೆಯ ರಚನೆಯಲ್ಲಿಯೇ ತಾಲ್ಲೂಕು ಎಂಬುದು ಮೂಲಘಟಕವಾದುದು ವಿಶೇಷಾರ್ಥವುಳ್ಳದ್ದು. ದಿವಾನರು ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಸಂಕಲ್ಪವನ್ನೂ ಸಭೆಯ ಮುಂದೆ ಅರಿಕೆಮಾಡುವರು; ಪ್ರತಿನಿಧಿಗಳು ತಂತಮ್ಮ ಸೀಮೆಯ ಕೋರಿಕೆಗಳನ್ನೂ ಕುಂದುಕೊರತೆಗಳನ್ನೂ ಹೇಳಿಕೊಳ್ಳುವರು. ಹೂಳು ತುಂಬಿದ ಕೆರೆ, ಸೇತುವೆಯಿಲ್ಲದ ಹಳ್ಳ, ದನಗಳ ಮೇವಿಗೆ ಅಡ್ಡಬರುವ ಅರಣ್ಯದ ನಿಬಂಧನೆ, ಮಲೆನಾಡಿನ ಚಳಿಜ್ವರ, ಊರಿಗೆ ಬೇಕಾದ ಪಾಠಶಾಲೆ, ಇವೇ ಅಲ್ಲಿಯ ವಿಷಯಗಳು. ಬ್ರಿಟಿಷ್ ಇಂಡಿಯಾದ ಸದಸ್ಯನಿಗೆ ಪ್ರಶ್ನಾಧಿಕಾರವು ದೊರೆಯುವುದಕ್ಕೆ 11 ವರ್ಷಗಳ ಮುಂಚೆಯೇ ಮೈಸೂರಿನ ಒಕ್ಕಲಿಗನು ತನ್ನ ತಾಲ್ಲೂಕಿನ ಮಾತನ್ನು ದಿವಾನರ ಸಮ್ಮುಖದಲ್ಲಿ ಆಡಿದನೆಂಬುದು ಕನ್ನಡಿಗರು ಮರೆಯಬಾರದ ಸಂಗತಿ.

ಹಾಗೆಂದು ಆ ಸಭೆಯ ಶಕ್ತಿಯನ್ನು ಇದ್ದುದಕ್ಕಿಂತ ಹೆಚ್ಚಾಗಿ ವರ್ಣಿಸುವುದು ಸತ್ಯಕ್ಕೆ ಅಪಚಾರವಾದೀತು. ಅದಕ್ಕೆ ಶಾಸನದ ಆಧಾರವಿರಲಿಲ್ಲ; ಸರ್ಕಾರದ ಒಂದು ಆಜ್ಞೆಯಿಂದ ಹುಟ್ಟಿದ್ದು ಮತ್ತೊಂದು ಆಜ್ಞೆಯಿಂದ ಇಲ್ಲವಾಗಬಹುದಾಗಿತ್ತು. ಸಭೆಯ ಅಭಿಪ್ರಾಯಕ್ಕೆ ದಿವಾನರು ಬದ್ಧರಾಗಿರಲಿಲ್ಲ. ಮೊದಲು ಪ್ರತಿನಿಧಿಗಳನ್ನು ಪ್ರಜೆಗಳು ಆರಿಸುತ್ತಲೂ ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಚುನಾವಣೆಯ ಕ್ರಮವು ಬಂದಾಗಲೂ ಮತದ ಹಕ್ಕು ಆಸ್ತಿವಂತರ ಮತ್ತು ವಿದ್ಯಾವಂತರ ಸಣ್ಣ ಗುಂಪಿನಲ್ಲಿಯೇ ಉಳಿಯಿತು. ಕೆರೆಯು ಒಡೆದರೆ ಮೊದಲು ಹಸಿಯುವ ಕೂಲಿಗಾರನಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಸಭೆಯು ವರ್ಷವರ್ಷವೂ ಸೇರುತ್ತಿದ್ದುದರಿಂದ ಒಂದು ಅಭ್ಯಾಸವು ನೆಲೆಗೊಂಡಿತು. ಹೋದ ದಸರೆಯಲ್ಲಿ ಕೊಟ್ಟ ಮಾತು ಏನಾಯಿತೆಂದು ಈ ದಸರೆಯಲ್ಲಿ ಕೇಳಬಹುದಾಗಿತ್ತು. ತಾತಯ್ಯನವರೆಂದು ಜನರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಂತಹ ಪತ್ರಿಕಾಕರ್ತರೂ ಸಭೆಯ ಸದಸ್ಯರಾಗಿದ್ದುದರಿಂದ, ಸಭೆಯೊಳಗಿನ ಮಾತು ಪತ್ರಿಕೆಗಳ ಮೂಲಕ ಊರೂರಿಗೂ ಮುಟ್ಟುವ ಮಾರ್ಗವು ತೆರೆಯಿತು.

1907ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. ಶ್ರೀ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಅಂದರೆ 1912ರಿಂದ 1918ರ ವರೆಗಿನ ಅವಧಿಯಲ್ಲಿ, ಆ ಸಭೆಯವರಿಗೆ ಪ್ರಶ್ನೆಗಳನ್ನು ಕೇಳುವ ಮತ್ತು ಆಯವ್ಯಯವನ್ನು ಚರ್ಚಿಸುವ ಹಕ್ಕುಗಳು ದೊರೆತುವು. ಅನಂತರ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿಯ ವರದಿಯನ್ನನುಸರಿಸಿ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲವು ಬಂದಿತು. ಪ್ರಶ್ನೆಯು ಅಂದಿನಿಂದ ಅನುಗ್ರಹವಾಗಿ ಉಳಿಯದೆ ಅಧಿಕಾರವಾಯಿತು. ಆದರೂ ಒಂದು ಮೂಲನ್ಯೂನತೆಯು ಹಾಗೆಯೇ ಇತ್ತು. ಉತ್ತರಿಸುವ ದಿವಾನರೇ ಸಭೆಯ ಅಧ್ಯಕ್ಷರಾಗಿರುತ್ತಿದ್ದರು. ಅವರ ಉತ್ತರವು ಸಭೆಗೆ ಹಿತವಾಗದಿದ್ದರೂ ಅವರ ಪದವಿಗೆ ಚ್ಯುತಿಯಿರಲಿಲ್ಲ. ಅವರು ಹೊಣೆಗಾರರಾಗಿದ್ದುದು ಮಹಾರಾಜರಿಗೆ.

ಅದೇ ಕಾಲದಲ್ಲಿ ಸಂಸ್ಥಾನದ ಹೊರಗಿದ್ದ ಕನ್ನಡಿಗರ ಪಾಡು ಬೇರೆಯಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳ ಪ್ರತಿನಿಧಿಯು ತನ್ನ ನಾಡಿನ ಪ್ರಶ್ನೆಯನ್ನು ಹೊತ್ತು ಮುಂಬಯಿಗೆ ಹೋಗಬೇಕಾಗಿತ್ತು; ಮಂಗಳೂರು, ಬಳ್ಳಾರಿಗಳವನು ಮದರಾಸಿಗೆ. ಆ ಸಭೆಗಳಲ್ಲಿ ಕನ್ನಡನಾಡಿನವರು ಅಲ್ಪಸಂಖ್ಯಾತರು. ಅವರ ಪ್ರಶ್ನೆಯು ದೂರದ ಒಂದು ಮೂಲೆಯ ಪ್ರಶ್ನೆಯೆನಿಸುತ್ತಿತ್ತು. ಹೈದರಾಬಾದು ಸಂಸ್ಥಾನದಲ್ಲಿದ್ದ ಕಲಬುರಗಿ, ರಾಯಚೂರು, ಬೀದರುಗಳ ಜನರಿಗಾದರೋ ಉತ್ತರದಾಯಿಯಾದ ಮಂತ್ರಿಯೆಂಬವನೇ ಇರಲಿಲ್ಲ. ಕರ್ನಾಟಕದ ಏಕೀಕರಣವನ್ನು ಹಲವರು ಭಾಷಾಭಿಮಾನದ ಫಲವೆಂದು ಮಾತ್ರ ಎಣಿಸುವರು. ತನ್ನ ಊರಿನ ಕಷ್ಟವನ್ನು ತನ್ನ ಮಾತಿನಲ್ಲಿ ಕೇಳಿ, ತನ್ನ ಮಾತಿನಲ್ಲಿಯೇ ಉತ್ತರವನ್ನು ಪಡೆಯಬೇಕೆಂಬ ನ್ಯಾಯವಾದ ಅಪೇಕ್ಷೆಯೂ ಅದರಲ್ಲಿ ಅಡಗಿತ್ತೆಂಬುದನ್ನು ಮರೆಯಲಾಗದು.

1947ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾಗಿ ಶ್ರೀ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದರು. 1949ರ ಡಿಸೆಂಬರಿನಲ್ಲಿ ಹಳೆಯ ಎರಡು ಸಭೆಗಳೂ ವಿಸರ್ಜಿತವಾದುವು. ಸಂವಿಧಾನದ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಯಿತು. ಪ್ರಶ್ನೆಗೆ ಹಲ್ಲು ಬಂದುದು ಆಗಲೇ. ಹೊಣೆಯುಳ್ಳ ಮಂತ್ರಿಯ ಮುಂದೆ ಪ್ರಶ್ನೆಯು ಏನು ಮಾಡಬಲ್ಲುದೆಂಬುದಕ್ಕೆ ಲೋಕಸಭೆಯ ಒಂದು ನಿದರ್ಶನವು ಸಾಕು. 1957ರಲ್ಲಿ ಜೀವವಿಮಾ ನಿಗಮದ ಹಣವು ಒಬ್ಬ ವ್ಯಾಪಾರಿಯ ಕಂಪೆನಿಗಳ ಷೇರುಗಳಲ್ಲಿ ತೊಡಗಿದ ವಿಚಾರವು ಪ್ರಶ್ನೆಯ ರೂಪದಲ್ಲಿ ಹೊರಬಿದ್ದು, ಫಿರೋಜ್ ಗಾಂಧಿಯವರ ಭಾಷಣದಿಂದ ಪ್ರಬಲವಾಗಿ, ವಿಚಾರಣೆಯಾಗಿ, 1958ರಲ್ಲಿ ಅರ್ಥಮಂತ್ರಿಗಳು ಪದವಿಯನ್ನು ತ್ಯಜಿಸಬೇಕಾಯಿತು.

ಇಂದಿನ ಪದ್ಧತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಚುಕ್ಕೆಗುರುತಿನ ಪ್ರಶ್ನೆಗೆ ಮಂತ್ರಿಯು ಸಭೆಯಲ್ಲಿ ಬಾಯಿಮಾತಿನಿಂದ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಗಳು ಸಲ್ಲುವುವು. ಚುಕ್ಕೆಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವು ಬರುವುದು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆಗುರುತಿನ ಪ್ರಶ್ನೆಗಳೂ 230 ಇತರ ಪ್ರಶ್ನೆಗಳೂ ಪಟ್ಟಿಗೆ ಸೇರಬಹುದು. ಯಾರ ಹೊಣೆಯೋ ಅವರನ್ನೇ ಕೇಳಬೇಕೆಂಬುದು ಇನ್ನೊಂದು ನಿಯಮ. ರೈಲುದಾರಿಯ ಪ್ರಶ್ನೆಗೆ ದೆಹಲಿಯಲ್ಲಿ ಉತ್ತರ, ಕೆರೆಯ ಪ್ರಶ್ನೆಗೆ ಬೆಂಗಳೂರಿನಲ್ಲಿ. ಆದುದರಿಂದ ಪ್ರಶ್ನೆ ಕೇಳುವುದಕ್ಕೆ ಧೈರ್ಯವೊಂದೇ ಸಾಲದು. ಆಡಳಿತದ ಅಂಗಾಂಗಗಳ ಪರಿಚಯವೂ ಬೇಕು.

ಸ್ಥಳೀಯ ಪ್ರಶ್ನೆಯೆಂದರೆ ಕ್ಷುದ್ರವೆಂದು ಮೂಗುಮುರಿಯುವ ಸುಶಿಕ್ಷಿತರುಂಟು. ಮಹಾಸಭೆಯಲ್ಲಿ ಮಹಾತತ್ತ್ವಗಳ ಚರ್ಚೆಯು ನಡೆಯಬೇಕಲ್ಲದೆ ಒಂದು ಹಳ್ಳಿಯ ಮೋರಿಯ ಮಾತೇಕೆ, ಎಂಬುದು ಅವರ ಆಕ್ಷೇಪಣೆ. ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿರುವುದು. ಗ್ರಾಮಪಂಚಾಯಿತಿಯು ತೀರಿಸಬಹುದಾದುದನ್ನು ಮಂತ್ರಿಯ ಬಾಗಿಲಿಗೆ ಒಯ್ಯುವುದು ಉಚಿತವಲ್ಲ. ಆದರೆ ಒಂದು ತಾಲ್ಲೂಕಿನ ಪ್ರಶ್ನೆಯನ್ನು ನೂರು ತಾಲ್ಲೂಕುಗಳ ಪ್ರಶ್ನೆಗಳ ಪಕ್ಕದಲ್ಲಿಟ್ಟು ನೋಡಿದಾಗ ರಾಜ್ಯದ ನಿಜವಾದ ಚಿತ್ರವು ಕಾಣಿಸುವುದು. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮತೆಯನ್ನು ಕುರಿತು 2002ರಲ್ಲಿ ಕೊಟ್ಟ ವರದಿಯೂ ತಾಲ್ಲೂಕನ್ನೇ ಅಳತೆಗೋಲಾಗಿ ಹಿಡಿಯಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಅದು ನಿರ್ಣಯಿಸಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದುವು. ಬಹುಕಾಲ ಪ್ರಶ್ನಿಸುವ ಅವಕಾಶವೇ ಇಲ್ಲದಿದ್ದ ಸೀಮೆಯಲ್ಲಿಯೇ ಕೊರತೆಯು ಅತ್ಯಧಿಕವಾಗಿ ಕಂಡುಬಂದುದಕ್ಕೆ ಕಾರಣಗಳು ಹಲವಿದ್ದರೂ, ಇದು ಕೇವಲ ಆಕಸ್ಮಿಕವೆನ್ನಲಾಗದು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ಪ್ರಾರಂಭೋತ್ಸವವನ್ನು ಪಡೆದುದೂ, ಅದೇ ವರ್ಷ ಪಾರ್ಲಿಮೆಂಟು ಕಲ್ಯಾಣಕರ್ನಾಟಕದ ಜಿಲ್ಲೆಗಳಿಗಾಗಿ 371-ಜೆ ವಿಧಿಯನ್ನು ಅಂಗೀಕರಿಸಿದುದೂ ಇಂತಹ ಪ್ರಶ್ನೆಗಳ ದೀರ್ಘಕಾಲದ ಒತ್ತಾಯದ ಫಲಗಳು.

ಪ್ರಶ್ನೆಯ ಶತ್ರುಗಳು ಎರಡು ಬಗೆ. ಸರ್ಕಾರದ ಕಡೆಯಿಂದ ಬರುವುದು ಜಾರಿಕೆಯ ಉತ್ತರ: ಪರಿಶೀಲಿಸಲಾಗುವುದು, ಅನುದಾನವು ದೊರೆತಾಗ ಕ್ರಮ ಕೈಗೊಳ್ಳಲಾಗುವುದು, ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ. ಇದಕ್ಕೆ ಪ್ರತೀಕಾರವಾಗಿ 1953ರಲ್ಲಿ ಲೋಕಸಭೆಯು ಸರ್ಕಾರದ ಭರವಸೆಗಳ ಸಮಿತಿಯನ್ನು ಏರ್ಪಡಿಸಿತು. ಮಂತ್ರಿಯು ಸಭೆಯಲ್ಲಿ ಕೊಟ್ಟ ಮಾತು ನೆರವೇರಿತೆ ಎಂದು ನೋಡುವುದೇ ಅದರ ಕಾರ್ಯ. ಎರಡನೆಯ ಶತ್ರುವು ಸದಸ್ಯರ ಕಡೆಯಿಂದಲೇ ಹುಟ್ಟುವುದು. ಗದ್ದಲದಲ್ಲಿ ಪ್ರಶ್ನೋತ್ತರದ ವೇಳೆಯೇ ಮುಳುಗಿಹೋಗುವ ದಿನಗಳುಂಟು. ಪ್ರಶ್ನೆಯನ್ನು ಬರೆದುಕೊಟ್ಟವನೇ ಆ ವೇಳೆಗೆ ಸಭೆಯಲ್ಲಿ ಇಲ್ಲದಿರುವುದೂ ಉಂಟು. 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಪಾರ್ಲಿಮೆಂಟಿನ ಒಂದು ಅಧಿವೇಶನವು ಪ್ರಶ್ನೋತ್ತರದ ವೇಳೆಯಿಲ್ಲದೆ, ಲಿಖಿತ ಉತ್ತರಗಳೊಡನೆ ಮಾತ್ರ ನಡೆದಾಗ ದೇಶದಲ್ಲಿ ಅಸಮಾಧಾನವು ಕೇಳಿಬಂದಿತು. ಆದರೆ ಇರುವ ವೇಳೆಯನ್ನು ಕೈಯಾರೆ ಕಳೆದುಕೊಂಡ ದಿನಗಳ ಲೆಕ್ಕವನ್ನು ಕೇಳುವವರು ವಿರಳ.

ಧರ್ಮರಾಜನು ನಾರದನ ಪ್ರಶ್ನೆಗಳನ್ನು ಕೇಳಿ ಕೋಪಗೊಳ್ಳಲಿಲ್ಲ. ತಾನು ಹಾಗೆಯೇ ನಡೆಯುವೆನೆಂದನು, ನಡೆದನು. ಪ್ರಶ್ನೆಯು ಅವನಿಗೆ ಅವಮಾನವೆಂದು ತೋರದೆ ರಾಜ್ಯವನ್ನು ನೋಡುವ ಕಣ್ಣೆಂದು ತೋರಿತು. ಕ್ಷಾಮದಿಂದ ಬಳಲಿದ ನಾಡಿನ ಬೇಸಾಯಗಾರರನ್ನು ದಸರೆಗೆ ಕರೆಯಿಸಿ, ನಿಮ್ಮ ಸೀಮೆಯ ಕಷ್ಟವೇನೆಂದು ಕೇಳಿದ ರಂಗಾಚಾರ್ಲುರವರಿಗೂ ಆ ಕಣ್ಣಿನ ಬೆಲೆಯು ತಿಳಿದಿತ್ತು. ಅವರು ಆ ಸಭೆಯ ಎರಡೇ ಅಧಿವೇಶನಗಳನ್ನು ಕಂಡು 1883ರ ಜನವರಿಯಲ್ಲಿ ಕಾಲವಾದರು. ಅವರು ಹಾಕಿದ ಮೇಲ್ಪಂಕ್ತಿಯು ಉಳಿಯಬೇಕಾದರೆ ಮಂತ್ರಿಯ ಸೌಜನ್ಯವೊಂದೇ ಸಾಲದು, ಸದಸ್ಯನ ವಾಕ್ಪಟುತ್ವವೊಂದೇ ಸಾಲದು. ತಮ್ಮ ತಾಲ್ಲೂಕಿನ ಪರವಾಗಿ ಈ ವರ್ಷ ಏನು ಕೇಳಲಾಯಿತು, ಏನು ಉತ್ತರ ಬಂದಿತು, ಕೊಟ್ಟ ಮಾತು ನಡೆಯಿತೆ ಎಂದು ಮನೆಮನೆಯಲ್ಲಿಯೂ ವಿಚಾರಿಸುವ ಪ್ರಜೆಗಳಿದ್ದರೆ ಮಾತ್ರ ಸಭೆಯೊಳಗಿನ ಪ್ರಶ್ನೆಗೆ ಜೀವವಿರುವುದು.