ಕುಲುಕಿ ನೋಡುವ ಕಾಲದಿಂದ ಸೀಲ್ ಡಬ್ಬಿಯವರೆಗೆ: ರೇಡಿಯೋ, ಟೇಪು, ನೆಕ್‌ಬ್ಯಾಂಡ್

ವಸ್ತುವನ್ನು ಕಿವಿಯಿಂದಲೇ ಅಳೆಯುವುದು ಚನ್ನರಾಯಪಟ್ಟಣ ಸೀಮೆಯವರಿಗೆ ಹೊಸದಲ್ಲ. ಅಟ್ಟದಲ್ಲಿಟ್ಟ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ಒಡೆಯಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಸಾಕು. ನೀರಿನ ಸದ್ದು ನಿಂತು, ಒಳಗಿನ ಗಿಟುಕು ಚಿಪ್ಪಿಗೆ ಬಡಿಯುವ ಸದ್ದು ಬಂದರೆ ಕಾಯಿ ಸುಲಿಯಬಹುದು.

ಮೊಬೈಲ್ ಅಂಗಡಿಯಲ್ಲಿ 999 ರೂಪಾಯಿಯ ನೆಕ್‌ಬ್ಯಾಂಡ್ ಮುಂದಿಟ್ಟಾಗ ಈ ವಿದ್ಯೆ ಕೆಲಸಕ್ಕೆ ಬರುವುದಿಲ್ಲ. ಡಬ್ಬಿ ಸೀಲ್ ಆಗಿರುತ್ತದೆ. ಒಳಗಿನ ಬ್ಯಾಟರಿ ಕಾಣುವುದಿಲ್ಲ. ಆದರೆ ಹಣ ಸಣ್ಣದಲ್ಲ. 2024-25ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಇದು ಹತ್ತಿರ ಹತ್ತಿರ ಮೂರು ದಿನದ ದುಡಿಮೆ. ಅದು ಆರೇ ತಿಂಗಳಿಗೆ ಕೈಕೊಟ್ಟರೆ?

ಹಿಂದಿನವರು ಇಂಥ ವಸ್ತುಗಳನ್ನು ಹೇಗೆ ಪರೀಕ್ಷಿಸುತ್ತಿದ್ದರು, ಅದರಲ್ಲಿ ನಮಗೆ ಈಗ ಏನು ಉಳಿದಿದೆ ಎಂದು ನೋಡೋಣ.

ಮೊದಲು ಬಂದದ್ದೇ ಹೆಡ್‌ಫೋನ್

ಹೆಡ್‌ಫೋನ್ ಮೊಬೈಲ್ ಕಾಲದ ವಸ್ತುವಲ್ಲ. 1910ರ ಸುಮಾರಿಗೆ ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ ಮನೆಯ ಅಡುಗೆಕೋಣೆಯಲ್ಲಿ ಕೂತು ತಯಾರಿಸಿದ ಹೆಡ್‌ಫೋನ್‌ಗಳನ್ನು ಅಲ್ಲಿನ ನೌಕಾಪಡೆ ಕೊಂಡಿತು. 1920ರ ದಶಕದ ಕ್ರಿಸ್ಟಲ್ ಸೆಟ್ ರೇಡಿಯೋಗೆ ಬ್ಯಾಟರಿ ಬೇಕಿರಲಿಲ್ಲ. ಅದರ ಸದ್ದು ಎಷ್ಟು ಸಣ್ಣದೆಂದರೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರಷ್ಟೇ ಕೇಳುತ್ತಿತ್ತು.

ನಮ್ಮ ಕಡೆಯ ರೇಡಿಯೋ ಕಥೆ ಶುರುವಾಗುವುದು ಮೈಸೂರಿನಿಂದ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದಿದ್ದು ಆ ಕೇಂದ್ರದಿಂದ. ಆಗಿನ ರೇಡಿಯೋ ಉಳ್ಳವರ ಮನೆಯ ವಸ್ತು.

ಅದನ್ನು ಹಳ್ಳಿಯ ಜಗಲಿಗೆ ತಂದಿದ್ದು ಟ್ರಾನ್ಸಿಸ್ಟರ್. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಬಿಡಿಭಾಗವನ್ನು 1960ರ ದಶಕದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೂ ತಯಾರಿಸಿತು. ಕರೆಂಟಿಲ್ಲದ ಮನೆಯಲ್ಲೂ ಪ್ರದೇಶ ಸಮಾಚಾರ ಕೇಳತೊಡಗಿತು.

ಆಗಿನ ಪರೀಕ್ಷೆ ಹೀಗಿತ್ತು

ರೇಡಿಯೋ ಕೊಳ್ಳುವವರು ಅಂಗಡಿಯಲ್ಲೇ ಸೆಲ್ ಹಾಕಿಸಿ ಹಾಡಿಸುತ್ತಿದ್ದರು. ಮುಳ್ಳು ತಿರುಗಿಸಿ ಎಷ್ಟು ಸ್ಟೇಷನ್ ಹಿಡಿಯುತ್ತದೆ ಎಂದು ನೋಡುತ್ತಿದ್ದರು. ಸದ್ದು ಪೂರ್ತಿ ಏರಿಸಿ, ಒಡೆದ ದನಿ ಬರುತ್ತದೆಯೇ ಎಂದು ಕಿವಿಗೊಡುತ್ತಿದ್ದರು. ಕೈಯಲ್ಲಿ ಹಿಡಿದು ತೂಕ ನೋಡುತ್ತಿದ್ದರು.

ಮನೆಗೆ ತಂದ ಮೇಲೂ ದಾರಿ ಮುಚ್ಚುತ್ತಿರಲಿಲ್ಲ. ಸೆಲ್ ಇಳಿದರೆ ಬಿಸಿಲಿಗಿಟ್ಟು ಇನ್ನೊಂದು ದಿನ ಎಳೆಯುತ್ತಿದ್ದರು. ಹಿಂದಿನ ಮುಚ್ಚಳ ಸಡಿಲವಾದರೆ ರಬ್ಬರ್ ಬ್ಯಾಂಡ್ ಇತ್ತು. ಟೇಪ್ ರೆಕಾರ್ಡರ್ ಬಂದಾಗ ಕ್ಯಾಸೆಟ್ಟಿನ ಸಡಿಲ ಸುರುಳಿಯನ್ನು ಪೆನ್ನು ತೂರಿಸಿ ಸುತ್ತುತ್ತಿದ್ದರು. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದ ಮೇಲೆ ಹೆಡ್‌ಫೋನ್ ಮತ್ತೆ ಕಿವಿಗೇರಿತು. ಅದರ ವೈರು ಪಿನ್ನಿನ ಬುಡದಲ್ಲಿ ತುಂಡಾದರೆ ರಿಪೇರಿ ಅಂಗಡಿಯವರು ಕತ್ತರಿಸಿ ಬೆಸುಗೆ ಹಾಕಿಕೊಡುತ್ತಿದ್ದರು. ಕೆಟ್ಟದ್ದು ಕಾಣುತ್ತಿತ್ತು. ಕಂಡದ್ದನ್ನು ಸರಿಪಡಿಸಬಹುದಿತ್ತು. ಬಾಳಿಕೆ ಅಂದರೆ ಇಷ್ಟೇ.

ವೈರು ಹೋದ ಮೇಲೆ

ಬ್ಲೂಟೂತ್ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಶುರುವಾಯಿತು. ಆ ಹೆಸರು ಹತ್ತನೇ ಶತಮಾನದ ಡೆನ್ಮಾರ್ಕ್ ದೊರೆ ಹೆರಾಲ್ಡ್ ಬ್ಲೂಟೂತ್‌ನದು. ನಮ್ಮ ಹಳ್ಳಿಗಳಿಗೆ ಅದರ ಬಿಸಿ ತಟ್ಟಿದ್ದು 2016ರ ನಂತರ. ಆ ಸೆಪ್ಟೆಂಬರ್‌ನಲ್ಲೇ ಎರಡು ಘಟನೆ ನಡೆದವು. ಆಪಲ್ ತನ್ನ ಹೊಸ ಫೋನಿನಿಂದ ಇಯರ್‌ಫೋನ್ ತೂತನ್ನೇ ತೆಗೆಯಿತು. ಇತ್ತ ಜಿಯೋ ಬಂದು ಡೇಟಾ ಅಗ್ಗವಾಯಿತು. ಮುಂದೆ ಬೇರೆ ಕಂಪನಿಗಳ ಫೋನುಗಳಲ್ಲೂ ಆ ತೂತು ಕಡಿಮೆಯಾಗುತ್ತ ಬಂತು. ಕಡಿಮೆ ಬೆಲೆಯ ನೆಕ್‌ಬ್ಯಾಂಡ್, ಬಡ್ಸ್ ಅಂಗಡಿ ತುಂಬಿದವು.

ಇದರಲ್ಲಿ ಒಂದು ನಷ್ಟವೂ ಇದೆ. ಫೋನಿನ ಎಫ್‌ಎಂ ರೇಡಿಯೋಗೆ ಸಾಮಾನ್ಯವಾಗಿ ಇಯರ್‌ಫೋನ್ ವೈರೇ ಏರಿಯಲ್. ಹಾಸನ ಆಕಾಶವಾಣಿಯ 102.2 ಅನ್ನು ಫೋನಿನ ಎಫ್‌ಎಂನಲ್ಲಿ ಕೇಳುವವರಿಗೆ ಬರೀ ವೈರ್‌ಲೆಸ್ ಸಾಲದು.

ದೊಡ್ಡ ಬದಲಾವಣೆ ಬ್ಯಾಟರಿಯದು. ರೇಡಿಯೋ ಸೆಲ್ ಮುಗಿದರೆ ಹೊಸದು ಹಾಕುತ್ತಿದ್ದೆವು. ಇದರ ಲಿಥಿಯಂ ಬ್ಯಾಟರಿಯನ್ನು ಒಳಗಿಟ್ಟು ಅಂಟು ಹಾಕಿರುತ್ತಾರೆ. ಇಂಥ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಬಲ ಕಳೆದುಕೊಳ್ಳುತ್ತದೆ. ನೆಕ್‌ಬ್ಯಾಂಡಿನಲ್ಲಿ ಸ್ವಲ್ಪ ದೊಡ್ಡ ಬ್ಯಾಟರಿಗೆ ಜಾಗವಿದೆ. ಬಡ್ಸ್ ಒಳಗಿನದು ತೀರಾ ಪುಟ್ಟದು. ಪುಟ್ಟ ಬ್ಯಾಟರಿಯನ್ನು ಪದೇ ಪದೇ ಚಾರ್ಜ್ ಮಾಡಬೇಕು, ಹಾಗಾಗಿ ಅದು ಬೇಗ ಸವೆಯುತ್ತದೆ. ದಿನವಿಡೀ ತೋಟದಲ್ಲಿ ಕೇಳುವವರಿಗೆ ಅದೇ ಬೆಲೆಯ ಬಡ್ಸ್‌ಗಿಂತ ನೆಕ್‌ಬ್ಯಾಂಡ್ ಮೇಲು ಎನ್ನುವುದು ಇದಕ್ಕೇ.

ಈಗ ಉಳಿದಿರುವ ಪರೀಕ್ಷೆ

ನಾವು ಇಲ್ಲಿ ಯಾವ ಕಂಪನಿಯನ್ನೂ ಹೊಗಳುವುದಿಲ್ಲ. ಡಬ್ಬಿಯ ಮೇಲಿನ ಮಾತನ್ನು ಓದುವುದು ಹೇಗೆ ಎಂದಷ್ಟೇ ಹೇಳುತ್ತೇವೆ.

'40 ಗಂಟೆ' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮಧ್ಯಮ ಸದ್ದಿನ ಲೆಕ್ಕ. ಪೂರ್ತಿ ಸದ್ದಿನಲ್ಲಿ ಅಷ್ಟು ಬರುವುದಿಲ್ಲ. 'ಇಎನ್‌ಸಿ' ಅಂದರೆ ನಿಮ್ಮ ಮಾತು ಆಚೆಯವರಿಗೆ ಸ್ಪಷ್ಟವಾಗಿ ಕೇಳಲಿ ಎಂದು ಮೈಕಿಗೆ ಮಾಡಿದ ಏರ್ಪಾಡು. ಹೊರಗಿನ ಗದ್ದಲ ನಿಮ್ಮ ಕಿವಿಗೆ ಬೀಳದಂತೆ ತಗ್ಗಿಸುವುದು 'ಎಎನ್‌ಸಿ'. ಎರಡೂ ಒಂದೇ ಎಂದು ಹೇಳಿ ಮಾರಿದರೆ ಒಪ್ಪಬೇಡಿ. 'ಐಪಿಎಕ್ಸ್4' ಎಂದರೆ ನೀರಿನ ಹನಿ ಸಿಡಿದರೆ ತಡೆಯುತ್ತದೆ, ಕೆರೆಗೆ ಬಿದ್ದರೆ ತಡೆಯುವುದಿಲ್ಲ. ಬ್ಲೂಟೂತ್ 5.3 ಎಂಬ ಅಂಕಿಯಿಂದ ಹಾಡಿನ ಗುಣ ಗೊತ್ತಾಗುವುದಿಲ್ಲ.

ಸೀಲ್ ಒಡೆದ ದಿನವೇ ಹಳೆಯ ಪರೀಕ್ಷೆಗಳನ್ನು ಮಾಡಿ. ಸದ್ದು ಪೂರ್ತಿ ಏರಿಸಿ ದನಿ ಒಡೆಯುತ್ತದೆಯೇ ಕೇಳಿ. ಎಡಬಲ ಎರಡೂ ಕಿವಿಗೆ ಸಮ ಬರುತ್ತದೆಯೇ ನೋಡಿ. ಬಸ್ ಓಡಾಡುವ ರಸ್ತೆ ಪಕ್ಕ ನಿಂತು ಮನೆಯವರಿಗೆ ಫೋನ್ ಮಾಡಿ, ನಿಮ್ಮ ಮಾತು ಹೇಗೆ ಕೇಳುತ್ತಿದೆ ಎಂದು ಕೇಳಿ. ಫೋನ್ ಒಂದು ಕಡೆ ಇಟ್ಟು ಹತ್ತು ಹೆಜ್ಜೆ ನಡೆಯಿರಿ. ವಿಡಿಯೋದಲ್ಲಿ ತುಟಿಗೂ ಮಾತಿಗೂ ಹೊಂದುತ್ತದೆಯೇ ನೋಡಿ. ವೈರು ನೆಕ್‌ಬ್ಯಾಂಡಿಗೆ ಸೇರುವ ಬುಡವನ್ನು ಮೆಲ್ಲಗೆ ಬಗ್ಗಿಸಿ. ವಾಕ್‌ಮನ್ ಕಾಲದಲ್ಲೂ ವೈರು ತುಂಡಾಗುತ್ತಿದ್ದುದು ಇಂಥ ಬುಡದಲ್ಲೇ. ಬಳಸಿದ ಮೇಲೆ ಬೆವರು ಒರೆಸಿಡಿ. ಚಾರ್ಜಿಂಗ್ ಪಿನ್ನಿಗೆ ಬೆವರಿನ ಉಪ್ಪು ಕೇಡು.

ಕಾಗದದ ಮಾತು

ಹಿಂದೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಆ ಪುಸ್ತಕ ಜೋಪಾನ ಮಾಡುತ್ತಿದ್ದರು. 1980ರ ದಶಕದಲ್ಲಿ ಅದು ರದ್ದಾಯಿತು. ಕೇಳುವ ಯಂತ್ರಕ್ಕೂ ಕಾಗದಕ್ಕೂ ಇದ್ದ ನಂಟು ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಗಿಯಬಾರದಿತ್ತು.

ಈಗ ಆ ಜಾಗದಲ್ಲಿರುವುದು ಬಿಲ್. ವೈರ್‌ಲೆಸ್ ಹೆಡ್‌ಫೋನ್ ಬಿಐಎಸ್‌ನ ಕಡ್ಡಾಯ ನೋಂದಣಿ ಪಟ್ಟಿಯಲ್ಲಿದೆ. ಡಬ್ಬಿಯ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಬಹುದು. ವಾರಂಟಿ ಅವಧಿಯಲ್ಲಿ ಕೆಟ್ಟು, ಅಂಗಡಿಯವರೂ ಕಂಪನಿಯವರೂ ಕೈತೊಳೆದುಕೊಂಡರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆ ಬಂದ ಮೇಲೆ, ಆನ್‌ಲೈನ್‌ನಲ್ಲಿ ದೂರದ ಊರಿನಿಂದ ತರಿಸಿದ ವಸ್ತುವಿಗೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ.

ಬಿಲ್ ಬೇಡವೆಂದರೆ ಐವತ್ತು ಕಡಿಮೆ ಮಾಡುತ್ತೇವೆ ಎಂದು ಯಾರಾದರೂ ಅಂದರೆ, ಆ ಐವತ್ತು ಉಳಿಸಬೇಡಿ. ಒಳಗೆ ಏನಿದೆ ಎಂದು ಕುಲುಕಿ ನೋಡಲಾಗದ ವಸ್ತುವಿಗೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಆ ಬಿಲ್ ಒಂದೇ.